ಒದ್ದೆ ಕಲ್ಲಿನ ಮೇಲೆ ಇಪ್ಪತ್ತಾರು ಜೊತೆ ಚಪ್ಪಲಿ

ಚಪ್ಪಲಿ ಆರಿಸುವುದಕ್ಕೂ ಒಬ್ಬ ಮನುಷ್ಯನಿಗೆ ಸಂಬಳ ಕೊಡುತ್ತಾರೆಯೇ ಎಂದು ನನ್ನ ಹೆಂಡತಿ ನಕ್ಕಿದ್ದಳು. ಆಕೆ ನಕ್ಕದ್ದು ಏಪ್ರಿಲ್‌ನಲ್ಲಿ. ಮೇ ಮುಗಿಯುವ ಹೊತ್ತಿಗೆ ಅದೇ ಚಪ್ಪಲಿಯ ದೆಸೆಯಿಂದ ಒಂದು ಮಗುವಿನ ಗದ್ದಕ್ಕೆ ಹೊಲಿಗೆ ಬಿದ್ದಿತ್ತು, ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು, ನಾನು ಮೂರು ದಿನದಿಂದ ಕಂಡಕಂಡವರ ಮೇಲೆಲ್ಲ ಗುಮಾನಿ ಪಡುತ್ತ ತಿರುಗುತ್ತಿದ್ದೆ.

ನಮ್ಮ ಮನರಂಜನಾ ಪಾರ್ಕು ಇರುವುದು ಕಲಘಟಗಿ ತಾಲೂಕಿನಲ್ಲಿ, ದೇವಿಕೊಪ್ಪದ ಕಡೆ. ನಾನು ಅಲ್ಲಿ ಸ್ಟೋರ್ ಕೀಪರ್. ಸುರಕ್ಷತೆಯ ರಿಜಿಸ್ಟರನ್ನೂ ನನ್ನ ಕೊರಳಿಗೇ ಕಟ್ಟಿದ್ದರು. ಜನ ಮುಗಿಬೀಳುವುದು ಬಿಸಿಲುಗಾಲದ ರಜೆಯಲ್ಲಿ. ಆದರೆ ನಮ್ಮ ಬಿಸಿಲುಗಾಲಕ್ಕೆ ಒಂದು ಚಾಳಿಯಿದೆ. ಮಧ್ಯಾಹ್ನ ಮೂರರವರೆಗೆ ನೆತ್ತಿ ಸುಡುತ್ತದೆ, ಮೂರಕ್ಕೆ ಅಡ್ಡಮಳೆ ಧೋ ಎಂದು ಸುರಿಯುತ್ತದೆ, ನಾಲ್ಕಕ್ಕೆ ಏನೂ ಆಗಿಯೇ ಇಲ್ಲ ಎಂಬಂತೆ ಮತ್ತೆ ಬಿಸಿಲು. ಸೂರಿನಡಿ ನಿಂತಿದ್ದ ಜನ ಹನಿ ನಿಂತದ್ದೇ ತಡ ಓಡಿ ಬಂದು ಸಾಲು ಹಚ್ಚುತ್ತಾರೆ. ಮೆಟ್ಟಿಲುಗಳು ಮಾತ್ರ ಇನ್ನೂ ಒದ್ದೆ. ಆ ಮೆಟ್ಟಿಲುಗಳಿಗೆ ಯಾರೋ ಪುಣ್ಯಾತ್ಮರು ಅಂದ ಕಾಣಲೆಂದು ಮುಖ ನೋಡಿಕೊಳ್ಳುವಷ್ಟು ನಯವಾದ ಗ್ರಾನೈಟ್ ಹಾಕಿಸಿಟ್ಟಿದ್ದರು.

ಕಲ್ಲು ಕೀಳಿಸಿರಿ ಎಂದು ನಾನು ಬರೆದು ಕೊಟ್ಟೆ. ಸೀಸನ್ ಮುಗಿಯಲಿ ಎಂದರು ಮ್ಯಾನೇಜರ್. "ಸದ್ಯಕ್ಕ ಆಟ ನಡಸೋ ಮಂದಿಗೆ, ಗೇಟಿನ ಮಂದಿಗೆ ಮಳಿಯಾಗ ಜಾರದಂಥಾ ಚಪ್ಪಲ್ ನೋಡ್ರಿ. ಇಪ್ಪತ್ತಾರು ಮಂದಿ ಇದ್ದಾರ. ನೀವು ಹೆಂಗೂ ಯಾರನ್ನೂ ನಂಬೂದಿಲ್ಲ, ಈ ಕೆಲಸಾ ನಿಮಗ ಛಲೋ ಹೊಂದತದ."

ಅವರು ಹಾಗೆ ಚೇಷ್ಟೆ ಮಾಡಿದ್ದು ಸುಳ್ಳೇನಲ್ಲ. ನಾನು ಹುಡುಗನಿದ್ದಾಗ ಅಣ್ಣಿಗೇರಿಯ ಅಡತಿ ಅಂಗಡಿಯಲ್ಲಿ, ಕಾಳಿನ ದಲ್ಲಾಳಿಯ ಕೈಕೆಳಗೆ, ಕಡಲೆ ಚೀಲ ಪರೀಕ್ಷಿಸುತ್ತಿದ್ದೆ. ಚೀಲದ ಬಾಯಲ್ಲಿ ಕಾಣುವ ಕಾಳನ್ನು ನೋಡಿ ಎಂದೂ ಒಪ್ಪಬಾರದು, ನಡುಮಧ್ಯಕ್ಕೆ ಕೊಳವೆ ಚುಚ್ಚಿ ತೆಗೆದು ನೋಡಬೇಕು ಎಂಬುದು ಅಲ್ಲಿಯ ಪಾಠ. ಕಾಳು ಬಿಟ್ಟು ಬಹಳ ವರ್ಷವಾಯಿತು, ಚುಚ್ಚುವ ಚಟ ಮಾತ್ರ ಹೋಗಿಲ್ಲ.

ಮೆಟ್ಟಿಲಿಗೆ ಹಾಕಿ ಉಳಿದಿದ್ದ ಗ್ರಾನೈಟ್ ಹಲಗೆಯೊಂದನ್ನು ಸ್ಟೋರಿನ ಹಿಂದೆ ಇಟ್ಟುಕೊಂಡೆ. ಒಂದು ತುದಿಯ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸುವುದು, ಮೇಲೆ ಒಂದು ತಂಬಿಗೆ ನೀರು ಸುರಿಯುವುದು, ಚಪ್ಪಲಿ ಮೆಟ್ಟಿ ನಿಲ್ಲುವುದು. ಜಾರದಿದ್ದರೆ ಇನ್ನೊಂದು ಇಟ್ಟಿಗೆ. ಬಾಜುವಿಗೆ ಹಿಡಿಯಲು ಒಂದು ಗಳ ಹುಗಿಸಿದ್ದೆ. ಎಷ್ಟನೆಯ ಇಟ್ಟಿಗೆಗೆ ಕಾಲು ಜಾರಿತು ಎಂಬುದೇ ಆ ಚಪ್ಪಲಿಯ ಅಂಕ.

ನಾಲ್ಕು ಬಗೆ ನೋಡಿದೆವು. ಹವಾಯಿ ಚಪ್ಪಲಿ ಮೊದಲ ಇಟ್ಟಿಗೆಗೇ ಕೈ ಕೊಟ್ಟಿತು. ಉಂಗುಟದ ಪಟ್ಟಿ ಕಿತ್ತು ನಾನೇ ಗಳಕ್ಕೆ ಜೋತುಬಿದ್ದೆ. ಗಂಬೂಟು ಮೂರು ಇಟ್ಟಿಗೆ ತಡೆಯಿತು. ಆದರೆ ಅದನ್ನು ಒಂದು ದಿನ ಹಾಕಿಕೊಂಡ ಮೆಕ್ಯಾನಿಕ್ ಸಂಜೆ ಬಂದು ಕಾಲು ಹೊರಗೆಳೆದು ತೋರಿಸಿದ. ಬೆರಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು. "ಸಾಹೇಬ್ರ, ಕಾಲ ಕುದಿಸಿದಂಗ ಆಗೇತ್ರಿ. ಮಳಿ ಒಂದ್ ತಾಸು, ಬಿಸಲಾ ಎಂಟ್ ತಾಸು. ಯಾವುದಕ್ಕ ಅಂತ ಹಾಕ್ಕೋಬೇಕ್ರಿ ಇದನ್ನ?" ಅವನ ಮಾತು ದಿಟ. ಕ್ಯಾನ್ವಾಸ್ ಶೂ ಹಿಡಿತ ಪರವಾಗಿಲ್ಲ, ಆದರೆ ಒಮ್ಮೆ ನೆನೆದರೆ ಮರುದಿನ ಬೆಳಿಗ್ಗೆಯೂ ಹಸಿ, ನಾರುವುದು ಬೇರೆ. ಕಡೆಗೆ ಗೆದ್ದದ್ದು ಹಿಂದೆ ಪಟ್ಟಿಯಿದ್ದ ರಬ್ಬರ್ ಸ್ಯಾಂಡಲ್. ಮುಂದೆ ತೂತುಗಳಿದ್ದುದರಿಂದ ನೀರು ನಿಲ್ಲುವುದಿಲ್ಲ, ಕಾಲಿಗೆ ಗಾಳಿಯಾಡುತ್ತದೆ, ಹಿಮ್ಮಡದ ಪಟ್ಟಿಯಿಂದಾಗಿ ಕಾಲು ಬಿಟ್ಟು ಹೋಗುವುದಿಲ್ಲ. ತಳ ಮೆತ್ತಗೆ, ಗೀರು ಆಳ. ಮೂರು ಇಟ್ಟಿಗೆಗೂ ಮಿಸುಕಲಿಲ್ಲ.

ಆ ಮಾದರಿಯ ಒಂದು ಜೊತೆಯನ್ನು ಕಾಗದದಲ್ಲಿ ಸುತ್ತಿ, ಅಂಟು ಹಚ್ಚಿ, ಅಂಟಿನ ಮೇಲೆ ನನ್ನ ಮತ್ತು ಹುಬ್ಬಳ್ಳಿಯ ವ್ಯಾಪಾರಿಯ ರುಜು ಹಾಕಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ವ್ಯಾಪಾರಿಗೆ ಬೇಜಾರಾಯಿತು. "ನಾ ಏನ್ ಬಂಗಾರ ಮಾರಾಕ ಬಂದೀನೇನ್ರಿ?" ಎಂದ. ಮಾಲು ಬಂದಾಗಲೂ ಮೇಲಿನ ಡಬ್ಬಿ ಬಿಟ್ಟು ತಳದ ಡಬ್ಬಿಯಿಂದ ನಾಲ್ಕು ಜೊತೆ ಎಳೆದು ಕಲ್ಲಿನ ಮೇಲೆ ನಿಂತು ನೋಡಿದೆ. ಎಲ್ಲವೂ ಸರಿಯಿದ್ದವು. ಸರಿಯಿದ್ದುದಕ್ಕೆ ನನಗೆ ತುಸು ನಿರಾಸೆಯೇ ಆಯಿತೆನ್ನಬೇಕು.

ಹಂಚಿದ ಮರುದಿನವೇ ದೂರು. ಹೊಸ ರಬ್ಬರು ಬಿರುಸು, ಮೇಲಿನ ಪಟ್ಟಿ ಕಾಲು ಕಡಿಯುತ್ತದೆ ಎಂದು ಹತ್ತು ಹನ್ನೆರಡು ಮಂದಿ ಸ್ಟೋರಿನ ಕಿಟಕಿಗೆ ಬಂದು ನಿಂತರು. ಆ ಹೊತ್ತಿಗೆ ನಾನು ಲಾರಿಯಿಂದ ಇಳಿಯುತ್ತಿದ್ದ ಸಾಮಾನಿನ ಚೀಟಿ ನೋಡುತ್ತಿದ್ದೆ. ತಲೆಯೆತ್ತದೆಯೇ ಹೇಳಿದೆ: "ಹೊಸಾದು ಅಂದಮ್ಯಾಗ ಕಡಿಯೂದಾ ಐತಿ. ಮನ್ಯಾಗ ಹೊಸಾ ಕಾಲ್ಮರಿಗೆ ಏನ್ ಮಾಡ್ತೀರಿ, ಅದನ್ನಾ ಮಾಡ್ರಿ. ಸಣ್ಣ ಕೂಸೇನು ನೀವು?" ಅವರು ಹೋದರು. ನಾನು ಲಾರಿಯ ಲೆಕ್ಕದಲ್ಲಿ ಮುಳುಗಿ ಅದನ್ನು ಮರೆತೂಬಿಟ್ಟೆ.

ನಾಲ್ಕು ದಿನದ ಮೇಲೆ ಅನಾಹುತವಾಯಿತು.

ಮಕ್ಕಳ ತಿರುಗು ಕುರ್ಚಿಯ ಆಟವನ್ನು ನಡೆಸುತ್ತಿದ್ದಾಕೆ ಹತ್ತಿರದ ಹಳ್ಳಿಯವಳು. ಕಸ ಹೊಡೆಯಲು ಸೇರಿ, ಟಿಕೆಟ್ ಹರಿಯುವ ಕೆಲಸಕ್ಕೆ ಬಂದು, ಮೂರನೆಯ ವರ್ಷಕ್ಕೆ ಆಟದ ಲಿವರಿನ ಮುಂದೆ ಕೂತಿದ್ದಳು. ನಮ್ಮಲ್ಲಿ ಲಿವರ್ ಹಿಡಿದ ಮೊದಲ ಹೆಂಗಸು ಆಕೆ. ಅದು ಎಲ್ಲರಿಗೂ ಸೇರಿರಲಿಲ್ಲ. ಮೆಕ್ಯಾನಿಕ್ ತನ್ನ ಅಳಿಯನನ್ನು ಆ ಜಾಗಕ್ಕೆ ತರಬೇಕೆಂದಿದ್ದವನು. ಅವತ್ತು ಮಳೆ ನಿಂತು ಹತ್ತು ನಿಮಿಷವಾಗಿರಬೇಕು. ಆಟ ಮುಗಿಸಿ, ನಾಲ್ಕೈದು ವರ್ಷದ ಒಂದು ಹುಡುಗಿಯ ಕೈ ಹಿಡಿದು ಮೆಟ್ಟಿಲಿಳಿಸುವಾಗ ಆಕೆಯ ಕಾಲು ಜಾರಿತು. ಮಗು ಮುಗ್ಗರಿಸಿ ಮೆಟ್ಟಿಲಿನ ಅಂಚಿಗೆ ಗದ್ದ ಬಡಿಸಿಕೊಂಡಿತು. ಆಕೆಯ ಮೊಣಕೈ ಬಾತಿತು. ಮಗುವಿನ ತಂದೆ ಮಾಡಿದ ಗಲಾಟೆಯನ್ನು ಯಾರೋ ಫೋನಿನಲ್ಲಿ ಹಿಡಿದರು.

ಮರುದಿನ ಮ್ಯಾನೇಜರ್ ಕರೆದರು. "ಮೂರು ದಿನದಾಗ ರಿಪೋರ್ಟ್ ಬೇಕ್ರಿ. ಚಪ್ಪಲ್ ತಪ್ಪೋ, ಆಕೀ ತಪ್ಪೋ, ಎರಡರಾಗ ಒಂದು ಬರೀರಿ. ಆಕೀ ತಪ್ಪು ಅಂತಾದ್ರ ನಾಳೆಯಿಂದ ಬರಬ್ಯಾಡ ಅನ್ನೂದಾ." ಚಪ್ಪಲಿ ತಪ್ಪೆಂದರೆ ಅದನ್ನು ಆರಿಸಿದವನು ನಾನು. ಇದನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆಕೆಯ ಸ್ಯಾಂಡಲ್ ತರಿಸಿಕೊಂಡೆ. ಹಲಗೆಗೆ ಒಂದೇ ಇಟ್ಟಿಗೆ ಇಟ್ಟು ನೀರು ಸುರಿದು ಕಾಲಿಟ್ಟೆ. ಸರ್ರನೆ ಕೆಳಗೆ ಬಂದೆ. ಕಪಾಟಿನ ಬೀಗ ತೆಗೆದು, ಅಂಟು ಹರಿದು, ರುಜುವಿನ ಮಾದರಿ ಹಾಕಿಕೊಂಡು ನಿಂತೆ. ಮೂರು ಇಟ್ಟಿಗೆಗೂ ಗಟ್ಟಿ. ಮತ್ತೆ ಆಕೆಯದು, ಮತ್ತೆ ಮಾದರಿಯದು. ಎಷ್ಟು ಸಲ ಮಾಡಿದರೂ ಅದೇ. ನನ್ನ ಮೈಯಲ್ಲಿ ಹಳೆಯ ಅಡತಿ ಅಂಗಡಿ ಎದ್ದು ಕೂತಿತು. ಇದು ನಾನು ಕೊಟ್ಟ ಮಾಲಲ್ಲ, ಎಲ್ಲೋ ಅದಲುಬದಲಾಗಿದೆ ಎಂದು ಖಾತ್ರಿಯಾಯಿತು.

ಮೊದಲು ಆಕೆಯನ್ನೇ ಕೇಳಿದೆ. ಇಂದು ನೆನೆದರೆ ನಾಚಿಕೆಯಾಗುವ ಧಾಟಿಯಲ್ಲಿ ಕೇಳಿದೆ.

"ನಾ ಕೊಟ್ಟ ಜೋಡ ಎಲ್ಲೈತಿ ಅಕ್ಕಾರ? ಇದನ್ನ ಸಂತ್ಯಾಗ ಕೊಂಡ್ರೇನು?"

ಆಕೆ ನನ್ನ ಮುಖ ನೋಡಿದಳು. "ಅಂದ್ರ? ಅದನ್ನ ಮಾರ್ಕೊಂಡೀನಿ ಅಂತೀರೇನ್ರಿ?"

"ಮಾರೀರೋ, ಯಾರಿಗರೆ ಕೊಟ್ಟೀರೋ, ನಂಗೇನ್ ಗೊತ್ತು? ಇದು ನಮ್ಮ ಮಾಲಲ್ಲ."

"ಮೂರು ವರ್ಷ ಆತ್ರಿ ನಾ ಇಲ್ಲಿ ಬರಾಕ ಹತ್ತಿ. ಗಿರಾಕಿ ಮರ್ತು ಹೋದ ಸರಾ ಒಯ್ದು ಆಫೀಸಿಗೆ ಕೊಟ್ಟಾಕಿ ನಾ. ರಬ್ಬರ್ ಚಪ್ಪಲ್ ಕದೀತೀನೇನ್ರಿ?" ಬಾತ ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು. "ಇನ್ನ ನಾ ಏನೂ ಹೇಳಾಂಗಿಲ್ಲ. ನಿಮಗ ಬೇಕಾದ್ದು ಬರ್ಕೋರಿ."

ಆಕೆ ಬಾಯಿ ಮುಚ್ಚಿದ್ದು ನನ್ನ ಗುಮಾನಿಗೆ ಇನ್ನಷ್ಟು ಗೊಬ್ಬರವಾಯಿತು.

ಎರಡನೆಯ ದಿನ ವ್ಯಾಪಾರಿಯನ್ನು ಕರೆಸಿದೆ. ಅವನು ಸ್ಯಾಂಡಲನ್ನು ಬಗ್ಗಿಸಿ, ಹಿಮ್ಮಡದ ಒಳಗಿನ ಅಚ್ಚಿನ ಗುರುತು ತೋರಿಸಿದ. ಮಾದರಿಯಲ್ಲೂ ಅದೇ ಗುರುತು. "ಮಾಲು ನನ್ನದಾ. ಖರೆ ಹೇಳ್ತೀನಿ ಸಾಹೇಬ್ರ, ಇದಕ್ಕ ಯಾರೋ ಏನೋ ಮಾಡ್ಯಾರ" ಎಂದ. ತನ್ನ ಕೊರಳು ಉಳಿಸಿಕೊಳ್ಳಲು ಹಾಗೆನ್ನುತ್ತಾನೆ ಅಂದುಕೊಂಡೆ. ಆದರೆ ಗುರುತು ಸುಳ್ಳಾಗುವಂತಿರಲಿಲ್ಲ. ಹಾಗಾದರೆ ಆಕೆ ಅದಲುಬದಲು ಮಾಡಿಲ್ಲ. ಇಷ್ಟು ಗೊತ್ತಾದ ಮೇಲಾದರೂ ನಾನು ಹೋಗಿ ಆಕೆಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಗುಮಾನಿ ಅಷ್ಟರಲ್ಲೇ ಮೆಕ್ಯಾನಿಕ್‌ನ ಕಡೆ ತಿರುಗಿತ್ತು.

ಅಳಿಯನಿಗೆ ಜಾಗ ಬೇಕು. ಕೈಯಲ್ಲಿ ಸದಾ ಗ್ರೀಸು. ಸಿಬ್ಬಂದಿ ಚಪ್ಪಲಿ ಬಿಡುವ ಹಲಗೆ ಅವನ ಕೋಣೆಯ ಬಾಗಿಲಿಗೇ ಇದೆ. ಇನ್ನೇನು ಬೇಕು? ಅವನು ಊಟಕ್ಕೆ ಹೋದಾಗ ಕೋಣೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ತೆರೆದು ಮೂಸಿದೆ. ಒಂದು ಬಟ್ಟೆಗೆ ಗ್ರೀಸು ಒರೆಸಿಕೊಂಡು, ಸ್ಯಾಂಡಲಿನ ತಳ ಒರೆಸಿ ತಂದಿದ್ದ ಬಟ್ಟೆಯ ಪಕ್ಕಕ್ಕೆ ಹಿಡಿದೆ. ಗ್ರೀಸು ಕಪ್ಪಗೆ ಅಂಟಿತ್ತು. ಸ್ಯಾಂಡಲಿನ ಬಟ್ಟೆಗೆ ಮಣ್ಣು ಬಿಟ್ಟರೆ ಒಂದು ತೆಳು ಹಳದಿ ಜಿಡ್ಡು ಅಷ್ಟೆ. ನಾನು ಹೊರಗೆ ಬರುವಾಗ ಮೆಕ್ಯಾನಿಕ್ ಬಾಗಿಲಲ್ಲೇ ನಿಂತಿದ್ದ.

"ಏನ್ ಸಿಕ್ತ್ರಿ?" ಎಂದ.

"ಏನಿಲ್ಲ."

"ಆಕಿ ಅಲ್ಲಿ ಕುಂತದ್ದು ನಂಗ ಸೇರಾಂಗಿಲ್ಲ, ಅದು ಖರೆ. ಹಂಗಂತ ಕೂಸು ಬೀಳೂ ಹಂಗ ಗ್ರೀಸ್ ಹಚ್ಚಾಂವ ಅಲ್ರಿ ನಾ. ಮನ್ಯಾಗ ನನಗೂ ಮೊಮ್ಮಗಳದಾಳ." ಅಂದು ಒಳಗೆ ಹೋಗಿ ನಾನು ತೆರೆದಿಟ್ಟ ಡಬ್ಬಿಗಳಿಗೆ ಒಂದೊಂದಾಗಿ ಮುಚ್ಚಳ ಹಾಕತೊಡಗಿದ.

ಎರಡು ದಿನದಲ್ಲಿ ಮೂವರ ಮನಸ್ಸು ಮುರಿದಿದ್ದೆ. ಕೈಯಲ್ಲಿ ಮಾತ್ರ ಏನೂ ಇರಲಿಲ್ಲ.

ಮೂರನೆಯ ದಿನ ಸಂಜೆ ಐದಕ್ಕೆ ರಿಪೋರ್ಟು ಕೊಡಬೇಕು. ಬೆಳಿಗ್ಗೆಯೇ ಕೂತು ಬರೆಯತೊಡಗಿದೆ. ಮಾಲಿನಲ್ಲಿ ದೋಷ ಕಂಡುಬಂದಿಲ್ಲ ಎಂದು ಬರೆದೆ. ಅದು ನಿಜವೇ. ಮುಂದಿನ ಸಾಲು ತಾನಾಗಿಯೇ ಬರುತ್ತಿತ್ತು: ಸಿಬ್ಬಂದಿಯ ನಿರ್ಲಕ್ಷ್ಯ. 'ಸಿಬ್ಬಂದಿಯ' ಎಂದು ಬರೆದೂ ಆಗಿತ್ತು. ಆದರೆ ಒಂದು ಇಟ್ಟಿಗೆಗೆ ಸರ್ರನೆ ಜಾರುವ ಚಪ್ಪಲಿ ಎದುರಿಗೇ ಇರುವಾಗ ನಿರ್ಲಕ್ಷ್ಯ ಎಂದು ಬರೆಯಲು ಕೈ ಏಳಲಿಲ್ಲ. ಪೆನ್ನು ಮುಚ್ಚಿ ಹೊರಗೆ ಹೋದೆ.

ನೀರಿನಲ್ಲಿ ಆಡಿಸಿ ಆಡಿಸಿ ಒದ್ದೆಯಾಗಿದ್ದ ಆಕೆಯ ಸ್ಯಾಂಡಲನ್ನು ಸ್ಟೋರಿನ ಹಿಂದಿನ ತಗಡಿನ ಮೇಲೆ ಬೋರಲು ಹಾಕಿದ್ದೆ. ಹನ್ನೊಂದರ ಬಿಸಿಲು. ತಗಡು ಕಾದಿತ್ತು. ಎತ್ತಿಕೊಳ್ಳಲು ಬಾಗಿದವನ ಮೂಗಿಗೆ ಒಂದು ವಾಸನೆ ಬಡಿಯಿತು. ತುಸು ಕಮಟು, ತುಸು ಹಸಿ ಕಾಳಿನಂಥದ್ದು. ನೀರಿನಲ್ಲಿ, ನೆರಳಿನಲ್ಲಿ ಎರಡು ದಿನ ಅಡಗಿ ಕೂತಿದ್ದ ವಾಸನೆ ಕಾದ ತಗಡಿನ ಮೇಲೆ ಹೊರಬಿದ್ದಿತ್ತು. ನನಗೆ ಅದು ಹುಟ್ಟಿದಾಗಿನಿಂದ ಗೊತ್ತು. ನಮ್ಮ ಅಜ್ಜ ಜೂನಿನಲ್ಲಿ ಮಿರಗದ ಮಳೆ ಬೀಳುವ ಮೊದಲು ತನ್ನ ಚರ್ಮದ ಚಪ್ಪಲಿಗೆ, ಅದೇ ಕಾಲ್ಮರಿಗೆ, ಔಡಲೆಣ್ಣೆ ಹಚ್ಚುತ್ತಿದ್ದ. ಬೇರೆ ಕಡೆಯವರು ಹರಳೆಣ್ಣೆ ಅನ್ನುವುದು ಇದನ್ನೇ. ಮೇಲೆ ಹಚ್ಚಿದರೆ ಮೆತ್ತಗಾಗಿ ಕಾಲು ಕಡಿಯುವುದಿಲ್ಲ. ತಳಕ್ಕೆ ಹಚ್ಚಿದರೆ ಎರೆಮಣ್ಣಿನ ನೀರು ಕುಡಿಯುವುದಿಲ್ಲ. ತಳಕ್ಕೇ ಹೆಚ್ಚು ಹಚ್ಚಿ, ಬೋರಲು ಹಾಕಿ, ಮುಂಜಾನೆ ಬಿಸಿಲಿಗಿಡುತ್ತಿದ್ದ. ನಮ್ಮ ಕಡೆ ಹೊಸ ಕಾಲ್ಮರಿ ಬಂದ ಯಾವ ಮನೆಯಲ್ಲೂ ಮಾಡುವುದು ಇದೇ.

ಚರ್ಮ ಎಣ್ಣೆ ಕುಡಿಯುತ್ತದೆ. ರಬ್ಬರು ಹಾಗೆ ಕುಡಿಯುವುದಿಲ್ಲ, ಗೀರುಗಳಲ್ಲಿ ಹಿಡಿದಿಟ್ಟುಕೊಂಡು ಕೂರುತ್ತದೆ. ಸಾದಾ ನೆಲದಲ್ಲಿ ಗೊತ್ತಾಗುವುದಿಲ್ಲ. ನಯವಾದ ಕಲ್ಲು, ಮೇಲೆ ನೀರು, ನಡುವೆ ಔಡಲೆಣ್ಣೆ ಸೇರಿದರೆ ಯಾರು ತಾನೇ ನಿಂತಾರು?

ಇಲ್ಲಿ ನನ್ನ ಮುಂದೆ ಎರಡು ದಾರಿಗಳಿದ್ದವು. ಆಕೆ ಎಣ್ಣೆ ಹಚ್ಚಿದ್ದಾಳೆ, ತಪ್ಪು ಆಕೆಯದು ಎಂದು ಬರೆದು ಐದರೊಳಗೆ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮೇಲಿನ ಕಾಳು ನೋಡಿ ಚೀಲ ಒಪ್ಪುವ ಜಾತಿಯಲ್ಲವಲ್ಲ ನಾನು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಪ್ಪತ್ತಾರು ಜನರನ್ನೂ ಸ್ಟೋರಿನ ಹಿಂದೆ ಕರೆಸಿದೆ. ಹಲಗೆಗೆ ಒಂದು ಇಟ್ಟಿಗೆ ಇಟ್ಟು, ನೀರು ಸುರಿದು, ಒಬ್ಬೊಬ್ಬರೇ ಗಳ ಹಿಡಿದು ನಿಲ್ಲಿರಿ ಎಂದೆ. ಜಾರಿದವರ ಸ್ಯಾಂಡಲ್ ಈಚೆ, ನಿಂತವರದು ಆಚೆ. ಆಕೆಯದೂ ಸೇರಿ ಹನ್ನೊಂದು ಜೊತೆ ಈಚೆ ಬಂದವು. ಒಂದೊಂದನ್ನೂ ಮೂಗಿಗೆ ಹಿಡಿದೆ. ಹನ್ನೊಂದರಲ್ಲೂ ಅದೇ ವಾಸನೆ.

"ಜಾರತಿದ್ರ ಹೇಳಬಾರದೇನು ನೀವು?" ಎಂದೆ.

ಗೇಟಿನಲ್ಲಿ ಕೆಲಸ ಮಾಡುವ ಹಿರಿಯನೊಬ್ಬ ತಲೆ ಕೆರೆದುಕೊಂಡ. "ಗೇಟಿನ ಮುಂದ ಉಸುಕಿನ ನೆಲಾ ಐತ್ರಿ, ಅಲ್ಲಿ ಗೊತ್ತಾಗಲಿಲ್ಲ. ಹಂಗ ಎಲ್ಲೆರೆ ಜಾರಿದ್ರೂ ಹೊಸಾದು ಅಂತ ಸುಮ್ನಿದ್ವಿ."

ಆಕೆ ಹಿಂದೆ, ಬೇವಿನ ಗಿಡದ ನೆರಳಿಗೆ ನಿಂತಿದ್ದಳು. ನಾನೇ ಅಲ್ಲಿಗೆ ಹೋದೆ.

"ಔಡಲೆಣ್ಣಿ ಹಚ್ಚಿದ್ರೇನು ಅಕ್ಕಾರ?"

"ಹಚ್ಚಿದ್ನಿ. ಮ್ಯಾಲೂ ಹಚ್ಚಿದ್ನಿ, ತಳಕ್ಕೂ ಹಚ್ಚಿದ್ನಿ."

"ಮತ್ತ ಮೊನ್ನೆ ಯಾಕ ಹೇಳಲಿಲ್ಲ?"

"ನೀವು ಕೇಳಿದ್ದು ಮಾರ್ಕೊಂಡಿಯೇನು ಅಂತ. ಎಣ್ಣಿ ಹಚ್ಚಿಯೇನು ಅಂತ ಕೇಳಿದ್ರೇನು? ಕೇಳಿದ್ರ ಹೇಳತಿದ್ನಿ. ಎಣ್ಣಿ ಹಚ್ಚೂದು ಮುಚ್ಚಿಡೋ ಮಾತೇನ್ರಿ?"

ಅಷ್ಟಕ್ಕೇ ಸುಮ್ಮನಾಗಿದ್ದರೆ ನನಗೆ ಒಳ್ಳೆಯದಿತ್ತು. ಚುಚ್ಚುವ ಚಟ. ಎಲ್ಲರಿಗೂ ಕೇಳುವಂತೆ ಗದರಿಸಿದೆ: "ಹನ್ನೊಂದು ಮಂದಿ ಒಮ್ಮೆಲೆ ಎಣ್ಣಿ ಹಚ್ಚತೀರಿ ಅಂದ್ರ ಯಾರೋ ಹೇಳಿರಬೇಕು. ಯಾರು ಹೇಳಿದ್ರು? ಹೆಸರು ಹೇಳ್ರಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಕ್ಯಾನಿಕ್ ನೆಲ ನೋಡುತ್ತ ನಗು ತಡೆದುಕೊಳ್ಳುತ್ತಿದ್ದ. ಕಡೆಗೆ ಆಕೆಯೇ ಅಂದಳು.

"ನೀವಾ ಹೇಳಿದ್ರಲ್ರಿ. ಲಾರಿ ಬಂದ ದಿನ. ಮನ್ಯಾಗ ಹೊಸಾ ಕಾಲ್ಮರಿಗೆ ಏನ್ ಮಾಡ್ತೀರಿ ಅದನ್ನಾ ಮಾಡ್ರಿ, ಸಣ್ಣ ಕೂಸೇನು ನೀವು ಅಂತ."

ನನಗೆ ನೆನಪಾಯಿತು. ಕಿಟಕಿ, ಲಾರಿ, ಚೀಟಿ, ನನ್ನ ಬೇಸರದ ದನಿ, ಒಂದೂ ಬಿಡದೆ ನೆನಪಾಯಿತು. ವ್ಯಾಪಾರಿ, ಮೆಕ್ಯಾನಿಕ್, ಈಕೆ, ಎಲ್ಲರನ್ನೂ ಜಾಲಾಡಿದ್ದೆ. ನನ್ನ ಬಾಯಿಯೊಂದನ್ನು ಬಿಟ್ಟು. ಔಡಲೆಣ್ಣೆಯ ವಾಸನೆಯಲ್ಲೇ ಬೆಳೆದವನು ನಾನು. ಹಾಗೆ ಹೇಳಿ ಕಳಿಸಿದರೆ ಅವರು ಮನೆಗೆ ಹೋಗಿ ಏನು ಮಾಡುತ್ತಾರೆಂದು ಆ ಪಾರ್ಕಿನಲ್ಲಿ ಯಾರಿಗಾದರೂ ಗೊತ್ತಿರಬೇಕಿದ್ದರೆ ಅದು ನನಗೆ.

ಒಳಗೆ ಹೋಗಿ ಹಳೆಯ ಹಾಳೆ ಹರಿದೆ. ಹೊಸ ಹಾಳೆಯಲ್ಲಿ ಕಾರಣದ ಕಲಮಿನಲ್ಲಿ ಬರೆದೆ: 'ಹೊಸ ಸ್ಯಾಂಡಲನ್ನು ಮನೆಯ ಕಾಲ್ಮರಿಯಂತೆ ಹದ ಮಾಡಿಕೊಳ್ಳಲು ಸ್ಟೋರ್ ಕೀಪರ್ ಬಾಯಿಮಾತಿನಲ್ಲಿ ಹೇಳಿದ್ದರಿಂದ ಹನ್ನೊಂದು ಜನ ತಳಕ್ಕೆ ಔಡಲೆಣ್ಣೆ ಹಚ್ಚಿದ್ದಾರೆ. ಆಟ ನಡೆಸುವ ಸಿಬ್ಬಂದಿಯ ತಪ್ಪಿಲ್ಲ.' ಕೆಳಗೆ ರುಜು ಹಾಕಿದೆ.

ಮ್ಯಾನೇಜರ್ ಎರಡು ಸಲ ಓದಿದರು. "ಏನ್ರಿ ಇದು, ನಿಮ್ಮ ತಲಿಮ್ಯಾಲ ನೀವಾ ಕಲ್ಲ ಹಾಕ್ಕೊಂಡೀರಿ?"

"ಖರೆ ಇದ್ದದ್ದು ಬರದೀನ್ರಿ."

"ಆಕೀ ಲಿವರ್ ಬಿಡಸೂದಿಲ್ಲಂದ್ರ ಸುರಕ್ಷತಾ ರಿಜಿಸ್ಟರ್ ನಿಮ್ಮ ಕೈಯಾಗಿಡಾಕ ಬರೂದಿಲ್ಲ. ಮಗುವಿನ ಮನಿಯವರಿಗೆ ನಾ ಏನರೆ ತೋರಿಸಬೇಕಲ್ಲ."

"ತಗೋರಿ" ಎಂದೆ. ರಿಜಿಸ್ಟರನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಮಗುವಿನ ತಂದೆಗೆ ನಾನೇ ಫೋನ್ ಮಾಡಿ ಕಾರಣ ಹೇಳಿದೆ. ಅವರು ನನ್ನನ್ನು ಬೈದರು. ಬೈಸಿಕೊಂಡೆ.

ಹನ್ನೊಂದು ಜೊತೆಗಳನ್ನು ಸೋಪಿನಲ್ಲಿ ಎರಡು ಸಲ ತಿಕ್ಕಿಸಿದರೂ ಗೀರಿನೊಳಗಿನ ಜಿಡ್ಡು ಪೂರ್ತಿ ಬಿಡಲಿಲ್ಲ, ಹೊಸವನ್ನು ತರಿಸಿದೆವು. ಮೆಟ್ಟಿಲ ಕಲ್ಲಿಗೆ ಸೀಸನ್ ಮುಗಿಯುವುದನ್ನು ಕಾಯದೆ ಉಳಿಯಿಂದ ಗೀರು ಹಾಕಿಸಿದರು. ಗೇಟಿನ ಮುಂದೆ ಗಿರಾಕಿಗಳಿಗಾಗಿ ಒಂದು ಬೋರ್ಡು ಬಂತು. ಮಳೆಯ ದಿನ ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಹಾಕಿಕೊಂಡು ಬನ್ನಿ, ಹವಾಯಿ ಬೇಡ, ಎತ್ತರದ ಹಿಮ್ಮಡ ಬೇಡ, ತಳಕ್ಕೆ ಎಣ್ಣೆ ಹಚ್ಚಿದ ಕಾಲ್ಮರಿ ಬೇಡ. ದೂರದ ಊರುಗಳಿಂದ ಬಂದವರು ಕಡೆಯ ಸಾಲು ಓದಿ ನಗುತ್ತಾರೆ. ನವಲಗುಂದ, ಕುಂದಗೋಳದ ಕಡೆಯವರು ನಗುವುದಿಲ್ಲ. ಒಂದು ಕಾಲೆತ್ತಿ ತಳ ನೋಡಿಕೊಳ್ಳುತ್ತಾರೆ.

ಮೆಕ್ಯಾನಿಕ್ ಈಗಲೂ ನಾನು ಹತ್ತಿರ ಬಂದರೆ ಡಬ್ಬಿಯ ಮುಚ್ಚಳ ತೆಗೆದು, ಮೂಸಿ ನೋಡ್ರಿ ಎನ್ನುತ್ತಾನೆ. ಅದರಲ್ಲಿ ಅರ್ಧ ಚೇಷ್ಟೆ, ಅರ್ಧ ಸಿಟ್ಟು.

ರಿಜಿಸ್ಟರು ಹೋದದ್ದು ಆಕೆಯ ಕೈಗೆ. ಮಳೆ ಬಂದ ದಿನ, ಹನಿ ನಿಂತ ಕೂಡಲೇ, ಆಟ ಶುರುವಾಗುವ ಮೊದಲು ಆಕೆ ಸ್ಟೋರಿನ ಹಿಂದಿನ ಹಲಗೆಗೆ ನೀರು ಸುರಿದು ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ನೋಡುತ್ತಾಳೆ. ನಾನು ಆಕೆಯ ಬಳಿ ತಪ್ಪಾಯಿತು ಎಂದು ಹೇಳಿದ್ದೆ. "ಹೂಂ" ಎಂದಿದ್ದಳು, ಅಷ್ಟೆ. ಜೂನಿನ ಮೊದಲ ದೊಡ್ಡ ಮಳೆಯ ದಿನ ನಾನೂ ಸಾಲಿನಲ್ಲಿ ನಿಂತೆ. ಅವತ್ತು ಬೆಳಿಗ್ಗೆಯೇ ಡಬ್ಬಿಯಿಂದ ತೆಗೆದ ಹೊಸ ಜೊತೆ ನನ್ನದು.

"ನಂದು ಹೊಸಾದು ಅಕ್ಕಾರ, ಎಣ್ಣಿ ಗಿಣ್ಣಿ ಹಚ್ಚಿಲ್ಲ" ಎಂದೆ.

ಆಕೆ ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. ಪೆನ್ನಿನ ತುದಿಯಿಂದ ಒದ್ದೆ ಕಲ್ಲು ತೋರಿಸಿದಳು.

"ನಿಮ್ಮ ಮಾತು ಬ್ಯಾಡ್ರಿ. ಕಾಲಿಡ್ರಿ."